ವಿದ್ವತ್ ಆಯ್ತಲ್ಲ, ಇನ್ನೇನು ಕಲಿಯೋದು?

"ಇವನಿಗೆ ಶ್ರುತೀನೇ ಸೇರಲ್ಲ ಕಣ್ರೀ. ಸುಮ್ನೆ ಫೀಸು ದಂಡ. ಡ್ರಾಯಿಂಗ್‌ಗೆ ಹಾಕಿ."

ಬೆಂಗಳೂರಿನ ವಿಜಯನಗರದ ಒಂದು ಮನೆಯ ಮಹಡಿಯ ಸಂಗೀತ ಕ್ಲಾಸಿನಲ್ಲಿ ಒಬ್ಬ ತಾಯಿಗೆ ಹೇಳಿದ ಮಾತಿದು. ಮೆಟ್ಟಿಲ ಮೇಲೆ ಕಾಯುತ್ತಿದ್ದ ನನಗೂ ಕೇಳಿಸಿತು. ಹುಡುಗನಿಗೆ 13 ವರ್ಷ. ಮೂರು ವರ್ಷ ಸರಿಯಾಗಿಯೇ ಹಾಡಿಕೊಂಡು ಬಂದವನು ಆರು ತಿಂಗಳಿಂದ ಅಪಸ್ವರ ಹಾಡುತ್ತಿದ್ದ. ಹೇಳಿದ ಮೇಡಂ ಕೆಟ್ಟವರೇನಲ್ಲ. ಸಂಗೀತದ ವಿದ್ವತ್ ಪರೀಕ್ಷೆ ಮುಗಿಸಿದವರು, ರಾಗ ಬಿಡಿಸಿ ಹಾಡಿದರೆ ಕೂತು ಕೇಳಬೇಕು ಅನ್ನಿಸುವಂಥವರು. ಆದರೆ ಹುಡುಗನ ಗಂಟಲೊಳಗೆ ಏನಾಗುತ್ತಿದೆ ಎಂಬುದು ಅವರು ಓದಿದ ಯಾವ ಪಠ್ಯದಲ್ಲೂ ಇದ್ದಂತಿಲ್ಲ.

ಗಂಡುಮಕ್ಕಳಿಗೆ 12ರಿಂದ 15ರ ನಡುವೆ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳದ್ದೂ ಇಳಿಯುತ್ತದೆ, ಎರಡು ಮೂರು ಸ್ವರಸ್ಥಾನದಷ್ಟು. ಅಷ್ಟು ಎದ್ದು ಕಾಣುವುದಿಲ್ಲ. ಈ ತಿಂಗಳುಗಳಲ್ಲಿ ಹುಡುಗನಿಗೆ ಹಿಡಿತಕ್ಕೆ ಸಿಗುವುದು ಐದಾರು ಸ್ವರ ಮಾತ್ರ. ಕ್ಲಾಸಿನಲ್ಲೋ ಉಳಿದ ಹುಡುಗಿಯರಿಗಾಗಿ ಶ್ರುತಿಪೆಟ್ಟಿಗೆ ಐದೂವರೆ ಮನೆಯಲ್ಲೇ ನಿಂತಿರುತ್ತದೆ. ಅವನು ಮೇಲಿನ ಷಡ್ಜಕ್ಕೆ ಹೋದರೆ ಗಂಟಲು ಒಡೆಯುತ್ತದೆ, ಎಲ್ಲರೂ ನಗುತ್ತಾರೆ, ಮುಂದಿನ ವಾರ ಅವನಿಗೆ ಹೊಟ್ಟೆನೋವು. ಬೇಕಾದದ್ದು ಇಷ್ಟೇ: ಅವನಿಗೆ ಬೇರೆ ಸಮಯ ಕೊಟ್ಟು, ಶ್ರುತಿಯನ್ನು ಎರಡೋ ಎರಡೂವರೆಯೋ ಮನೆಗೆ ಇಳಿಸಿ, ತಾರಸ್ಥಾಯಿಯನ್ನು ಒಂದು ವರ್ಷ ಮರೆತುಬಿಡುವುದು. ಮತ್ತು ಇದು ಎಲ್ಲ ಗಂಡಸರಿಗೂ ಆಗುವಂಥದ್ದು ಎಂದು ಅವನಿಗೆ ಮೊದಲೇ ಹೇಳಿಡುವುದು.

'ಸ್ವರಜ್ಞಾನವೇ ಇಲ್ಲದ' ಮಕ್ಕಳು ಇರುವುದೇ ಇಲ್ಲ ಎಂದೇನೂ ಅಲ್ಲ. ಸ್ವರದ ಏರಿಳಿತವನ್ನು ಗುರುತಿಸಲಾಗದ ಹುಟ್ಟುತೊಂದರೆ ಒಂದಿದೆ. ನೂರಕ್ಕೆ ನಾಲ್ಕು ಜನರಿಗೆ ಅದು ಇರಬಹುದೆಂದು ಬಹುಕಾಲ ಅಂದಾಜಿಸಿದ್ದರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು 1.5ಕ್ಕೆ ಇಳಿಸಿತು. ಅಂದರೆ ಇಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಅಂಥ ಒಂದು ಮಗುವೂ ಇಲ್ಲದಿರುವ ಸಂಭವವೇ ಹೆಚ್ಚು. ಉಳಿದವರಿಗೆ ಶ್ರುತಿ ಸೇರುತ್ತಿಲ್ಲವೆಂದರೆ ಶ್ರುತಿಯ ಮನೆ ತಪ್ಪಿರಬಹುದು, ಕೇಳಿ ರೂಢಿ ಇಲ್ಲದಿರಬಹುದು, ಅಥವಾ ಭಯ ಇರಬಹುದು. ಮೂರಕ್ಕೂ ಮದ್ದು ಪಾಠ ಹೇಳುವವರ ಕೈಯಲ್ಲೇ ಇದೆ.

ಮೊದಲನೆಯ ತಪ್ಪು ಕಲ್ಪನೆ ಇರುವುದು ಇಲ್ಲಿಯೇ. ಚೆನ್ನಾಗಿ ಹಾಡುವವರಿಗೆ ಚೆನ್ನಾಗಿ ಕಲಿಸಲೂ ಬರುತ್ತದೆ, ವಿದ್ವತ್ ಆದಮೇಲೆ ಕಲಿಯುವುದು ಮುಗಿಯಿತು ಎಂದು ನಾವೆಲ್ಲ ನಂಬಿದ್ದೇವೆ. ಜೂನಿಯರ್, ಸೀನಿಯರ್, ವಿದ್ವತ್ ಈ ಮೂರೂ ಹಾಡುವವರ ಪರೀಕ್ಷೆಗಳು. ಗಂಟಲು ಒಡೆದ ಹುಡುಗನನ್ನು ಏನು ಮಾಡಬೇಕು ಎಂದು ಯಾವ ಪರೀಕ್ಷಕರೂ ಕೇಳುವುದಿಲ್ಲ. ಇನ್ನು, ದೊಡ್ಡವರು ಎಂದೂ ಕಲಿಯುವುದು ನಿಲ್ಲಿಸಲಿಲ್ಲ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ತಯಾರಾದವರು. 1944ರಲ್ಲಿ ಗುರು ತೀರಿಕೊಂಡ ಮೇಲೂ ಸವಾಯಿ ಗಂಧರ್ವ, ಸುರೇಶಬಾಬು ಮಾನೆ ಮೊದಲಾಗಿ ಒಬ್ಬರಾದ ಮೇಲೊಬ್ಬರ ಬಳಿ ಹೋಗಿ ಕಲಿತರು. ಆ ಹೊತ್ತಿಗೆ ಅವರು ಕಛೇರಿ ಮಾಡುವ ಗಾಯಕರಾಗಿದ್ದರು.

ಎರಡನೆಯ ತಪ್ಪು ಕಲ್ಪನೆ: "ಕಣ್ಣು ಕಾಣದ ಮಗುವಾ? ನಮ್ಮಲ್ಲಿ ಆಗಲ್ಲ, ಅದಕ್ಕೇ ಬೇರೆ ಸ್ಕೂಲಿದೆ." ಇದನ್ನು ಹೇಳುವವರು ಇರುವುದು ಗದಗ ಇರುವ ರಾಜ್ಯದಲ್ಲಿ! ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಅವರ ಬೆನ್ನಿಗೆ ನಿಂತರು. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡನ್ನೂ ಕಲಿತ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮತ್ತು ಬಡ ಮಕ್ಕಳಿಗೆ ಎರಡನ್ನೂ ಕಲಿಸಿದರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿರಲಿಲ್ಲ. ಹಾಡಿಕೆಯ ಜೊತೆ ಹಲವು ವಾದ್ಯ ನುಡಿಸುತ್ತಿದ್ದರು, ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಬರೆದರು, 2010ರಲ್ಲಿ ಪದ್ಮಭೂಷಣ ಬಂತು. ಕಣ್ಣಿದ್ದ ಬಸವರಾಜ ರಾಜಗುರು ಕಲಿತದ್ದೂ ಇದೇ ಗುರುಪರಂಪರೆಯಲ್ಲಿ. ಹಾಗಾಗಿ ಅದನ್ನು ಕುರುಡರ ಶಾಲೆ ಎಂದಷ್ಟೇ ಕರೆದರೆ ಅರ್ಧ ಮಾತ್ರ ಹೇಳಿದಂತೆ.

ವಿಜಯನಗರದ ಮಹಡಿ ಕ್ಲಾಸಿನಲ್ಲಿ ಕಣ್ಣು ಕಾಣದ ಮಗುವಿಗೆ ಕಲಿಸಲು ಏನು ಬೇಕು? ಮೊದಲು ಬಾಯಲ್ಲಿ ಹೇಳುವ ಅಭ್ಯಾಸ. "ತಾಳ ಹೀಗೆ ಹಾಕು" ಎಂದರೆ ನೋಡಲಾಗದ ಮಗುವಿಗೆ ಏನೂ ತಿಳಿಯದು. ಆದಿತಾಳವೆಂದರೆ ಒಂದು ಪೆಟ್ಟು, ಕಿರುಬೆರಳಿಂದ ಮೂರು ಎಣಿಕೆ, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ ಎಂದು ಹೇಳಿ, ಅದರ ಅಂಗೈಯನ್ನು ನಿಮ್ಮ ಅಂಗೈ ಮೇಲೆ ಇಟ್ಟುಕೊಂಡರೆ ಎರಡು ದಿನದ ಕೆಲಸ. ಬರೆದುಕೊಳ್ಳಲು ಬ್ರೈಲ್ ಇದೆ. ಲೂಯಿ ಬ್ರೈಲ್ ಸ್ವತಃ ಪ್ಯಾರಿಸ್ಸಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. 1829ರಲ್ಲಿ ಅವನು ಪ್ರಕಟಿಸಿದ ಮೊದಲ ಪುಸ್ತಕದಲ್ಲೇ ಸಂಗೀತ ಬರೆಯುವ ಕ್ರಮವೂ ಸೇರಿತ್ತು. ನಮ್ಮ ಸರಿಗಮವನ್ನು ಕನ್ನಡ ಬ್ರೈಲ್ ಅಕ್ಷರಗಳಲ್ಲೇ ಬರೆದುಕೊಳ್ಳಬಹುದು. ಕಿವಿ ಕೇಳದವರ ವಿಷಯಕ್ಕೂ ಒಂದು ಮಾತು: ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಎವಿಲಿನ್ ಗ್ಲೆನಿಗೆ 12ರ ವಯಸ್ಸಿಗೇ ಶ್ರವಣ ಬಹುಪಾಲು ಹೋಗಿತ್ತು. ಕಂಪನ ಕಾಲಿಗೆ ತಾಗಲೆಂದು ಅವರು ಬರಿಗಾಲಲ್ಲಿ ವೇದಿಕೆ ಏರುತ್ತಾರೆ.

ಆಟಿಸಂ ಇರುವ ಮಗುವಿಗೆ ನಮ್ಮ ಸರಳೆವರಸೆ ಒಗ್ಗುವುದನ್ನು ನೋಡಿದ್ದೇನೆ. ಮುಂದೇನು ಬರುತ್ತದೆಂದು ಗೊತ್ತಿರುವುದೇ ಅದಕ್ಕೆ ನೆಮ್ಮದಿ, ಸರಳೆಯಲ್ಲಿ ಅದು ಧಾರಾಳವಾಗಿದೆ. ತೊಂದರೆ ಬರುವುದು ಹತ್ತು ಮಕ್ಕಳು ಒಟ್ಟಿಗೆ ಮೂರನೇ ಕಾಲದಲ್ಲಿ ಕೂಗುವಾಗ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿ, ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಎಲ್ಲರ ಜೊತೆಯಲ್ಲೇ ಕಲಿಸಬೇಕು ಎನ್ನುತ್ತದೆ, ಆಟ ಮತ್ತು ಮನರಂಜನೆಯನ್ನೂ ಸೇರಿಸಿ. ಮನೆ ಕ್ಲಾಸು ಅದರೊಳಗೆ ಬರುವುದಿಲ್ಲ. ಅಲ್ಲಿ ಮೇಡಂ ಮನಸ್ಸೇ ಕಾನೂನು.

ಮೂರನೆಯದು: "ಬೇರೆ ಪದ್ಧತಿ ಬೆರೆಸಿದರೆ ಸಂಪ್ರದಾಯ ಕೆಡುತ್ತೆ." ಇದನ್ನು ಹೇಳುವಾಗ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಪಿಟೀಲು ಇರುತ್ತದೆ! ಯುರೋಪಿನ ಆ ವಾದ್ಯವನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ. ಅಣ್ಣ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಬಂದು ಹೋಗಿ ಮಾಡುತ್ತ ಇಲ್ಲಿನ ಸ್ವರಪ್ರಸ್ತಾರ ಕೇಳಿ ತಮ್ಮ ಸರಗಮ್ ಹಾಡುವ ರೀತಿಯನ್ನೇ ತಿದ್ದಿಕೊಂಡರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಪಿಯಾನೊ ಕಲಿತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದ ಜಯಚಾಮರಾಜ ಒಡೆಯರ್ ಆಮೇಲೆ 94 ಕೃತಿಗಳನ್ನು ರಚಿಸಿದರು. ಮಾಯಾಮಾಳವಗೌಳದಿಂದ ಪಾಠ ಶುರುಮಾಡುವ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯವೇ ಹೇಳುತ್ತದಲ್ಲ, ಅದೂ ಆ ಕಾಲಕ್ಕೆ ಹೊಸ ಬೋಧನಾಕ್ರಮವೇ.

ಇಂದು ಒಂದೇ ಮಗು ಸೋಮವಾರ ಸಂಗೀತಕ್ಕೂ ಗುರುವಾರ ಕೀಬೋರ್ಡಿಗೂ ಹೋಗುತ್ತದೆ. ಅಲ್ಲಿ ಸಿ ಎಂದರೆ ಒಂದೇ ಕೀಲಿ, ಎಂದೂ ಕದಲುವುದಿಲ್ಲ. ಇಲ್ಲಿ ಷಡ್ಜ ಹಾಡುವವರ ಗಂಟಲಿಗೆ ತಕ್ಕಂತೆ ಸರಿಯುತ್ತದೆ. ಮಗು ಗೊಂದಲಗೊಂಡರೆ "ಅದು ಬೇರೆ, ಇದು ಬೇರೆ" ಎಂದು ಸಾಗಹಾಕುತ್ತೇವೆ. ಪಶ್ಚಿಮದಲ್ಲೂ ಸರಿಯುವ 'ಡೋ' ಇದೆ. ಹಂಗೆರಿಯ ಕೊಡಾಯ್ ಪದ್ಧತಿ ಪೂರ್ತಿ ಅದರ ಮೇಲೆ ನಿಂತಿದೆ, ಒಂದೊಂದು ಸ್ವರಕ್ಕೆ ಒಂದೊಂದು ಕೈಸನ್ನೆಯ ಜೊತೆ. ಇಷ್ಟು ಗೊತ್ತಿದ್ದರೆ ಮಗುವಿನ ಎರಡು ಕ್ಲಾಸು ಒಂದಕ್ಕೊಂದು ಊರುಗೋಲಾದಾವು.

ಅನ್ಯಸಂಸ್ಕೃತಿ ಎಂದರೆ ಹಂಗೆರಿಯೇ ಆಗಬೇಕಿಲ್ಲ. ಕಲಬುರಗಿಯಿಂದ ಬಂದು ಇಲ್ಲೇ ಮೂಡಲಪಾಳ್ಯದಲ್ಲಿ ಮನೆ ಮಾಡಿದವರ ಮಗುವಿಗೆ ಅಜ್ಜಿಯ ತತ್ವಪದ ಗೊತ್ತು, ಅದನ್ನು ಯಾರೂ ಹಾಡಿಸಿಲ್ಲ. ಒಂದು ದಿನ ಹಾಡಿಸಿ, ಅದರ ತಾಳ ಹುಡುಕಲು ಉಳಿದ ಮಕ್ಕಳಿಗೆ ಬಿಟ್ಟರೆ ಅವತ್ತಿನ ಪಾಠ ಆಯಿತು.

ಇದನ್ನೆಲ್ಲ ಮೇಡಂ ಕಲಿಯುವುದೆಲ್ಲಿ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿಯ ಕಲಿಕೆಗೆ ಕೊಡಬೇಕೆಂದು ಬಯಸುತ್ತದೆ. ಶಾಲೆಯ ಶಿಕ್ಷಕರಿಗೆ ಕಲೆಗಳ ತರಬೇತಿ ಕೊಡಲು 1979ರಿಂದ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಇದೆ, ಅದರ ಒಂದು ಶಾಖೆ ಹೈದರಾಬಾದಿನಲ್ಲಿದೆ. ಮನೆ ಕ್ಲಾಸಿನವರಿಗೆ ಇದ್ಯಾವುದೂ ಇಲ್ಲ. ಶನಿವಾರ ಕಾರ್ಯಾಗಾರಕ್ಕೆ ಹೋದರೆ ಅವತ್ತಿನ ಎರಡು ಬ್ಯಾಚು ಹೋಯಿತು, ಸಿಗುವುದು ಚೌಕಟ್ಟು ಹಾಕಿಸಬಹುದಾದ ಒಂದು ಸರ್ಟಿಫಿಕೇಟು. ನನ್ನ ಕೇಳಿದರೆ ಅದಕ್ಕಿಂತ ಅಗ್ಗದ ದಾರಿಯಿದೆ. ಅತ್ತಿಗುಪ್ಪೆಯ ಮೇಡಂ ತಿಂಗಳಿಗೊಮ್ಮೆ ಹೊಸಹಳ್ಳಿಯ ಮೇಡಂ ಕ್ಲಾಸಿನ ಮೂಲೆಯಲ್ಲಿ ಕೂತು ನೋಡುವುದು, ಮುಂದಿನ ತಿಂಗಳು ಅವರು ಇವರ ಕ್ಲಾಸಿಗೆ ಬರುವುದು. ಮೆಟ್ರೋದಲ್ಲಿ ನಡುವೆ ಇರುವುದು ವಿಜಯನಗರ ಒಂದೇ ಸ್ಟೇಷನ್ನು. ಹೊಸ ಮಕ್ಕಳು ಸೇರುವುದು ವಿಜಯದಶಮಿಗೆ, ಅದಕ್ಕೆ ಮುಂಚೆ ಒಂದು ಸುತ್ತು ಮುಗಿದಿದ್ದರೆ ಒಳ್ಳೆಯದು.