ಬಾಯಮ್ಮನ ಅಚ್ಚು, ಇಟಲಿಯ ಹೂವು

ದಸರಾ ರಜೆಗೆ ಮೂಡುಬಿದಿರೆಯಿಂದ ಬಂದಿದ್ದ ಮೊಮ್ಮಗಳು ಒಂದು ಬೆಳಿಗ್ಗೆ ಮೊಬೈಲನ್ನು ನನ್ನ ಮೂಗಿನ ತುದಿಗೆ ಹಿಡಿದು ಕೇಳಿದಳು: "ಅಜ್ಜ, ಇದು ನಮ್ಮ ಮನೆಯಲ್ಲಿ ಮಾಡ್ಲಿಕ್ಕೆ ಆಗ್ತದಾ?"

ಕನ್ನಡಕ ಹುಡುಕಿ ನೋಡಿದೆ. ಇಟಲಿಯ ಒಬ್ಬ ಅಜ್ಜಿ ಒಲೆಯ ಮುಂದೆ ನಿಂತಿದ್ದರು. ಕೈಯಲ್ಲಿ ಇಕ್ಕಳದಂಥ ಉದ್ದ ಹಿಡಿಯ ಕಬ್ಬಿಣದ ಸಾಧನ, ಅದರ ತುದಿಯಲ್ಲಿ ಒಂದರ ಮೇಲೊಂದು ಕೂರುವ ಎರಡು ತಟ್ಟೆಗಳು, ತಟ್ಟೆಗಳ ಒಳಮೈಯಲ್ಲಿ ಹೂವಿನ ಕೆತ್ತನೆ. ನಡುವೆ ಒಂದು ಚಮಚ ಹಿಟ್ಟು ಇಟ್ಟು ಒತ್ತಿ, ಬೆಂಕಿಯ ಮೇಲೆ ಆಚೆ ಒಮ್ಮೆ ಈಚೆ ಒಮ್ಮೆ ಹಿಡಿದು ತೆರೆದರೆ, ಹಪ್ಪಳದಷ್ಟು ತೆಳ್ಳಗಿನ, ಚಿತ್ತಾರ ಮೂಡಿದ ಹೊಂಬಣ್ಣದ ಬಿಸ್ಕತ್ತು! ಹೆಸರು ಪಿಟ್ಸೆಲ್ಲೆ. ಪಿಜ್ಜಾ ಎಂಬ ಮಾತಿನ ಪುಟ್ಟ ರೂಪ ಅದು. ಇಟಲಿಯ ನಡುಭಾಗದಲ್ಲಿರುವ ಅಬ್ರುಟ್ಸೊ ಎಂಬ ಗುಡ್ಡಗಾಡು ಪ್ರಾಂತ್ಯದ ತಿಂಡಿ. ಕ್ರಿಸ್ಮಸ್ಸಿಗೆ, ಈಸ್ಟರಿಗೆ, ಮದುವೆಗೆ ಅದು ಇರಲೇಬೇಕು. ಹಿಂದೆ ಅಲ್ಲಿ ಮದುಮಗಳಿಗೆ ತವರಿನಿಂದ ಕೊಡುವ ಸಾಮಾನಿನಲ್ಲಿ ಈ ಅಚ್ಚೂ ಇರುತ್ತಿತ್ತಂತೆ. ಮನೆತನದ ಹೆಸರಿನ ಮೊದಲಕ್ಷರವನ್ನೋ ವರ್ಷವನ್ನೋ ಅದರಲ್ಲಿ ಕೆತ್ತಿಸುವುದೂ ಇತ್ತು. ಬೇಯುವ ಹೊತ್ತನ್ನು ಅಳೆಯಲು ಗಡಿಯಾರ ಬೇಡ. ಒಂದು ಮಗ್ಗುಲಿಗೆ ಒಂದು ಪ್ರಾರ್ಥನೆ, ಮಗುಚಿ ಹಾಕಿ ಇನ್ನೊಂದು.

ಅಂಥ ಇಕ್ಕಳ ಬಂಟ್ವಾಳದ ಪಾತ್ರೆ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಆದರೆ ಅಚ್ಚು ಎಂದ ಕೂಡಲೇ ನನಗೆ ಪಕ್ಕದ ಮನೆಯ ಬಾಯಮ್ಮನ ನೆನಪಾಯಿತು. ಮೂವತ್ತು ವರ್ಷ ಪ್ರತಿ ಕ್ರಿಸ್ಮಸ್ಸಿಗೆ ಅವರ ಮನೆಯಿಂದ ನಮಗೆ ಬಟ್ಟೆ ಮುಚ್ಚಿದ ತಟ್ಟೆ ಬರುತ್ತಿತ್ತು. ಅದರಲ್ಲಿರುವುದು ಕುಸ್ವಾರ್: ನೆವ್ರ್ಯೊ, ಕಿಡ್ಯೊ, ತುಕ್ಡಿ, ಎಲ್ಲದರ ಮೇಲೆ ಹೂವಿನಂತೆ ಅರಳಿ ಕೂತ ಕೊಕ್ಕಿಸಾಂ. ಪೇಟೆಯವರು ರೋಸ್ ಕುಕ್ಕೀಸ್ ಎನ್ನುವುದು ಇದನ್ನೇ. ನಮ್ಮಲ್ಲಿಂದ ದೀಪಾವಳಿಗೆ ಚಕ್ಕುಲಿ ಅಲ್ಲಿಗೆ ಹೋಗುತ್ತಿತ್ತು. ಕಳೆದೆರಡು ವರ್ಷ ಮಾತ್ರ ತಟ್ಟೆಯ ಬದಲು ಬೇಕರಿಯ ಪ್ಯಾಕೆಟ್ ಬಂದಿತ್ತು. "ಮೊಣಗಂಟು ನಿಲ್ಲಲಿಕ್ಕೆ ಬಿಡುವುದಿಲ್ಲ ಮಾಸ್ಟ್ರೇ. ಮಕ್ಕಳೆಲ್ಲ ದುಬೈಯಲ್ಲಿ, ಮುಂಬಯಿಯಲ್ಲಿ," ಎಂದು ಸಂಕೋಚದಿಂದ ಹೇಳಿದ್ದರು.

ನಾವಿಬ್ಬರೂ ಹೋದಾಗ ಆ ಅಚ್ಚು ಅವರ ಹಿತ್ತಲ ಜಗಲಿಯಲ್ಲಿ, ತೂತಾದ ಕೊಡಪಾನದೊಳಗೆ ಇತ್ತು. ಗುಜರಿಯವನಿಗೆ ಕೊಡಲು ಅಟ್ಟದಿಂದ ಇಳಿಸಿಟ್ಟಿದ್ದರಂತೆ! ಉದ್ದ ಕಂಬಿಯ ತುದಿಯಲ್ಲಿ ಎಂಟು ಎಸಳಿನ ಕಬ್ಬಿಣದ ಹೂವು, ಮೈತುಂಬ ತುಕ್ಕು. ಮೊಮ್ಮಗಳು ಮೊಬೈಲಿನ ಇಟಲಿ ಅಜ್ಜಿಯನ್ನು ಬಾಯಮ್ಮನಿಗೆ ತೋರಿಸಿದಳು. ಬಾಯಮ್ಮ ಎರಡು ಸಲ ನೋಡಿ, "ಅವಳದ್ದು ಒತ್ತುವ ಅಚ್ಚು, ನನ್ನದು ಮುಳುಗಿಸುವ ಅಚ್ಚು. ಬೇರೆ ಏನಿಲ್ಲ ಮಗಾ," ಎಂದು ನಕ್ಕುಬಿಟ್ಟರು.

ಎರಡರಲ್ಲೂ ಬಿಸಿ ಲೋಹ ತಾಕಿದ ಹಿಟ್ಟು ಆ ಕ್ಷಣಕ್ಕೆ ಗಟ್ಟಿಯಾಗಿ, ಲೋಹದ ಆಕಾರವನ್ನೇ ತಾಳುತ್ತದೆ. ಇಂಥ ಅಚ್ಚಿನ ತಿಂಡಿಗಳು ಜಗತ್ತಿನ ಎಷ್ಟೋ ಕಡೆ ಇವೆ. ಸ್ವೀಡನ್, ನಾರ್ವೆಯವರೂ ಹೂವಿನ ಅಚ್ಚನ್ನು ಎಣ್ಣೆಯಲ್ಲಿ ಮುಳುಗಿಸುತ್ತಾರೆ. ಶ್ರೀಲಂಕಾದಲ್ಲಿ ಏಪ್ರಿಲ್ ತಿಂಗಳ ಹೊಸವರ್ಷಕ್ಕೆ 'ಕೊಕಿಸ್' ಬೇಕೇ ಬೇಕು. ಆ ಹೆಸರು ಡಚ್ಚರ ಭಾಷೆಯಿಂದ ಬಂದದ್ದೆನ್ನುತ್ತಾರೆ. ನಮ್ಮ ಬೆಳ್ತಂಗಡಿ ತಾಲೂಕಿನ ಗುಡ್ಡಗಳಲ್ಲಿ ಕೇರಳದ ತಿರುವಾಂಕೂರು ಕಡೆಯಿಂದ ಬಂದು ರಬ್ಬರ್ ತೋಟ ಮಾಡಿದ ಕುಟುಂಬಗಳಿವೆ. ಅವರ ಮನೆಯಲ್ಲಿ ಇದೇ ಹೂವಿನ ಹೆಸರು ಅಚ್ಚಪ್ಪಂ.

ಮಂಗಳೂರಿಗೆ ಇಟಲಿಯವರು ಬಂದದ್ದೂ ನಿಜ. ಇಟಲಿಯ ಜೆಸ್ವಿಟ್ ಪಾದ್ರಿಗಳು 1878ರ ಡಿಸೆಂಬರ್ 31ರಂದು ಬಂದಿಳಿದರು. ಶಾಲಾ ಪ್ರವಾಸದಲ್ಲಿ ನೀವು ಕತ್ತೆತ್ತಿ ನೋಡಿದ ಸಂತ ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳನ್ನು ಬರೆದ ಅಂತೋನಿಯೊ ಮೊಸ್ಕೇನಿ ಇಟಲಿಯವರೇ. ಆದರೆ ಅವರ ಊರು ಉತ್ತರದ ಬೆರ್ಗಮೊ ಹತ್ತಿರ, ಪಿಟ್ಸೆಲ್ಲೆಯ ಊರಲ್ಲ. ಸುಮ್ಮನೆ ಗಂಟು ಹಾಕುವುದು ಬೇಡ ಎಂದು ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಸ್ವಲ್ಪ ಬೇಸರವಾಯಿತು.

ಅಚ್ಚಿನ ಆರೈಕೆಗೆ ಎರಡು ದಿನ ಹಿಡಿಯಿತು. ಹುಣಸೆಹುಳಿ ಮತ್ತು ತೆಂಗಿನ ನಾರಿನಲ್ಲಿ ತಿಕ್ಕಿ ತುಕ್ಕು ತೆಗೆದೆವು. ರಾತ್ರಿ ಅಕ್ಕಿ ತೊಳೆದ ನೀರಿನಲ್ಲಿ ಇಟ್ಟು, ಮರುದಿನ ಒರೆಸಿ ಒಣಗಿಸಿ, ಮತ್ತೊಂದು ರಾತ್ರಿ ತೆಂಗಿನೆಣ್ಣೆಯಲ್ಲಿ ಮುಳುಗಿಸಿಟ್ಟೆವು. ಹೊಸ ಅಚ್ಚು ತಂದರೂ ಹೀಗೇ ಪಳಗಿಸಬೇಕು. ಎಣ್ಣೆ ಕುಡಿಯದ ಕಬ್ಬಿಣ ಹಿಟ್ಟನ್ನು ಬಿಟ್ಟುಕೊಡುವುದಿಲ್ಲ.

ಹಿಟ್ಟಿನ ಲೆಕ್ಕ ಬಾಯಮ್ಮನದು. ಎರಡು ಕಪ್ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ದಪ್ಪ ತೆಂಗಿನ ಹಾಲು ಹಾಕಿ ನುಣ್ಣಗೆ ರುಬ್ಬಬೇಕು. ಅದಕ್ಕೆ ಅರ್ಧ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದು ಮೊಟ್ಟೆ, ಚಿಟಿಕೆ ಉಪ್ಪು, ಒಂದು ಚಮಚ ಎಳ್ಳು. ಮೊಟ್ಟೆ ತಿನ್ನದವರು ಮೈದಾ ಸ್ವಲ್ಪ ಹೆಚ್ಚಿಸಿ ತೆಂಗಿನ ಹಾಲಿನಲ್ಲೇ ಕಲಸಬಹುದು. ಸಕ್ಕರೆಯನ್ನು ಆಸೆಗೆ ಹೆಚ್ಚು ಹಾಕಿದರೆ ಹೂವು ಕಪ್ಪಾಗುತ್ತದೆ, ಅಚ್ಚಿಗೂ ಅಂಟುತ್ತದೆ. ಹಿಟ್ಟು ಸೌಟಿನ ಬೆನ್ನಿಗೆ ತೆಳ್ಳಗೆ ಅಂಟಿ ನಿಲ್ಲುವಷ್ಟಿರಲಿ.

ಬಾಣಲೆಯಲ್ಲಿ ಎಣ್ಣೆ ಕಾಯಿತು. ಬಾಯಮ್ಮ ಅಡುಗೆಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹಿಡಿಗೆ ಬಟ್ಟೆ ಸುತ್ತಿ ನಾನು ಅಚ್ಚನ್ನೂ ಮೊಮ್ಮಗಳ ಕೈಯನ್ನೂ ಒಟ್ಟಿಗೆ ಹಿಡಿದುಕೊಂಡೆ. ಮಕ್ಕಳೇ, ಈ ಕೆಲಸಕ್ಕೆ ಕಾದ ಎಣ್ಣೆಯ ಮುಂದೆ ದೊಡ್ಡವರಿಲ್ಲದೆ ಹೋಗಬೇಡಿ.

ಮೊದಲ ಸಲ ಹಿಟ್ಟು ಅಚ್ಚಿನಿಂದ ಜಾರಿ ಬೋಗುಣಿಗೇ ವಾಪಸು ಬಿತ್ತು. ಕೂತಲ್ಲಿಂದಲೇ ಬಾಯಮ್ಮ, "ಶಬ್ದ ಬರಲಿಲ್ಲ. ಅಚ್ಚು ತಣ್ಣಗಿದೆ," ಎಂದರು. ಎರಡನೆಯ ಸಲ ಅವಸರದಲ್ಲಿ ಅಚ್ಚನ್ನು ಪೂರ್ತಿ ಮುಳುಗಿಸಿಬಿಟ್ಟೆವು. ಹಿಟ್ಟು ಮೇಲಂಚನ್ನೂ ಮುಚ್ಚಿ ಬೀಗ ಹಾಕಿದಂತೆ ಕೂತಿತು, ಚಾಕುವಿನಲ್ಲಿ ಕೆರೆದು ತೆಗೆಯಬೇಕಾಯಿತು. ಅಚ್ಚಿನ ಮುಕ್ಕಾಲು ಎತ್ತರದವರೆಗೆ ಮಾತ್ರ ಅದ್ದಬೇಕು. ಮೂರನೆಯ ಸಲ ಅಚ್ಚು ಅತಿ ಕಾದು, ಹಿಟ್ಟು ಬೋಗುಣಿಯೊಳಗೇ ಗಟ್ಟಿಯಾಗಿ ಕಳಚಿ ಉಂಡೆಯಾಯಿತು. ಮೊಮ್ಮಗಳ ಮುಖ ಸಣ್ಣದಾಯಿತು. ಬಾಯಮ್ಮ ಅದುವರೆಗೆ ಸುಮ್ಮನಿದ್ದವರು ಗೋಡೆ ಹಿಡಿದು ಎದ್ದು ಬಂದರು. ಹುಡುಗಿಯ ಮೊಣಕೈ ಮೇಲೆ ಎರಡು ಬೆರಳಿಟ್ಟು, "ಈಗ ಅದ್ದು. ಕೇಳಿಸಿತಾ, ಚುಂಯ್ ಅಂತ? ಈಗ ಎಣ್ಣೆಗೆ. ಅಲ್ಲಾಡಿಸಬೇಡ. ಗುಳ್ಳೆ ಕಡಿಮೆಯಾಗಲಿ... ಈಗ ಮೆಲ್ಲ ಕೊಡವು."

ಹೂವು ಕಳಚಿಕೊಂಡು ಎಣ್ಣೆಯ ಮೇಲೆ ತೇಲಿತು.

ಗುಳ್ಳೆ ಎಂದರೆ ಹಿಟ್ಟಿನ ನೀರು ಆವಿಯಾಗಿ ಹೊರಬರುವುದು. ನೀರು ಹೋದಂತೆ ಗುಳ್ಳೆಯೂ ಸದ್ದೂ ಇಳಿಯುತ್ತದೆ, ಹಿಟ್ಟು ಗರಿಗರಿಯಾಗಿ ಲೋಹದ ಹಿಡಿತ ಬಿಡುತ್ತದೆ. ಅಬ್ರುಟ್ಸೊದವರು ಪ್ರಾರ್ಥನೆಯಿಂದ ಅಳೆದ ಹೊತ್ತನ್ನು ಬಾಯಮ್ಮ ಕಿವಿಯಿಂದ ಅಳೆಯುತ್ತಾರೆ, ಅಷ್ಟೆ. ಪ್ರತಿ ಹೂವಿನ ನಂತರ ಅಚ್ಚನ್ನು ಮತ್ತೆ ಎಣ್ಣೆಯಲ್ಲಿಟ್ಟು ಕಾಯಿಸಲು ಮರೆಯಬಾರದು.

ಪಿಟ್ಸೆಲ್ಲೆಯನ್ನೂ ಬಿಡಲಿಲ್ಲ. ಒಂದು ಮೊಟ್ಟೆ, ನಾಲ್ಕು ದೊಡ್ಡ ಚಮಚ ಸಕ್ಕರೆ ಪುಡಿ, ಮೂರು ಚಮಚ ಕರಗಿಸಿದ ಬೆಣ್ಣೆ, ಆರು ಚಮಚ ಮೈದಾ, ತೆಳ್ಳಗಾಗಲು ಎರಡು ಮೂರು ಚಮಚ ಹಾಲು. ಇಟಲಿಯವರು ಹಾಕುವ ಆನಿಸ್ ಕಾಳಿನ ಬದಲು ಜಜ್ಜಿದ ಬಡೆಸೊಪ್ಪು ಹಾಕಿದೆವು. ಎರಡಕ್ಕೂ ಪರಿಮಳ ಕೊಡುವುದು ಅನೆಥೋಲ್ ಎಂಬ ಒಂದೇ ವಸ್ತು. ದೋಸೆ ಕಾವಲಿಗೆ ಬೆಣ್ಣೆ ಸವರಿ, ಸಣ್ಣ ಉರಿಯಲ್ಲಿ ಅಂಗೈಯಗಲ ತೆಳ್ಳಗೆ ಹರಡಿ, ಎರಡೂ ಮಗ್ಗುಲು ಹೊಂಬಣ್ಣ ಬರುವಷ್ಟು ಬೇಯಿಸಿದೆವು. ಚಿತ್ತಾರ ಮೂಡಲಿಲ್ಲ, ರುಚಿಗೇನೂ ಕೊರತೆಯಿಲ್ಲ. ಬಿಸಿಯಿದ್ದಾಗ ಮೆತ್ತಗಿರುತ್ತದೆ, ಆಗಲೇ ಸುರುಳಿ ಸುತ್ತಬೇಕು. ಆರಿದರೆ ಗರಿಗರಿ, ಸುತ್ತಲು ಹೋದರೆ ಪುಡಿ. ನಾನು ಮೂರು ಪುಡಿ ಮಾಡಿ ತಿಂದೆ.

ಆ ದಿನ ಎಣಿಸಿದರೆ ನಲವತ್ತೊಂದು ಹೂವು. ಪೂರ್ತಿ ಆರಿದ ಮೇಲೆ ಬಾಯಮ್ಮ ಅವನ್ನು ಡಬ್ಬಿಗೆ ತುಂಬಿಸಿದರು. ಬೆಚ್ಚಗಿರುವಾಗಲೇ ಮುಚ್ಚಿದರೆ ಮೆತ್ತಗಾಗುತ್ತವೆ. ರಜೆ ಮುಗಿದು ಹೊರಡುವಾಗ ಅಚ್ಚಿಗೆ ಎಣ್ಣೆ ಸವರಿ, ಹಳೆಯ ಪೇಪರಿನಲ್ಲಿ ಸುತ್ತಿ ಮೊಮ್ಮಗಳ ಕೈಗೆ ಕೊಟ್ಟರು. "ಡಿಸೆಂಬರಿನಲ್ಲಿ ವಾಪಸು ತರಬೇಕು. ಅಚ್ಚು ಒಂದೇ ಬಂದರೆ ಆಗುವುದಿಲ್ಲ, ನೀನೂ ಬರಬೇಕು."

ಮೂಡುಬಿದಿರೆ ಬಸ್ಸಿನಲ್ಲಿ ಅವಳು ಚೀಲವನ್ನು ಮೇಲಿಡಲು ಒಪ್ಪಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು, ಯೂನಿಫಾರ್ಮಿಗೆ ಎಣ್ಣೆ ಕಲೆ ಮಾಡಿಕೊಂಡಳೆಂದು ಅವಳ ಅಮ್ಮನಿಂದ ನನಗೆ ಫೋನಿನಲ್ಲಿ ಬೈಗುಳ ಬಂತು.