ಒಂದೇ ಗುಡಿಯಲ್ಲಿ ಮೂರು ಬಗೆಯ ಕಂಬ

ಡೋರಿಕ್, ಅಯೋನಿಕ್, ಕೊರಿಂಥಿಯನ್. ಪಠ್ಯಪುಸ್ತಕಗಳಲ್ಲಿ ಗ್ರೀಕ್ ಕಂಬಗಳು ಹೀಗೆ ಸಾಲಾಗಿ ನಿಂತಿರುತ್ತವೆ. ನೋಡಿದವರಿಗೆ ಒಂದು ಹಳತಾದ ಮೇಲೆ ಇನ್ನೊಂದು ಬಂತೇನೋ ಅನ್ನಿಸುತ್ತದೆ. ಆದರೆ ದಕ್ಷಿಣ ಗ್ರೀಸಿನ ಬಾಸೇ ಎಂಬಲ್ಲಿನ ಅಪೊಲೊ ಗುಡಿಯಲ್ಲಿ ಮೂರೂ ಒಟ್ಟಿಗಿದ್ದವು.

ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದ ಬೆಟ್ಟಸೀಮೆಯಲ್ಲಿ, ಕ್ರಿ.ಪೂ. 5ನೇ ಶತಮಾನದ ಕೊನೆಯ ದಶಕಗಳಲ್ಲಿ ಎದ್ದ ಗುಡಿಯಿದು. ಪಾರ್ಥೆನಾನ್‌ನ ವಾಸ್ತುಶಿಲ್ಪಿ ಇಕ್ಟಿನಸ್‌ನೇ ಇದನ್ನೂ ಕಟ್ಟಿದ ಎಂದು ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪಾಸೇನಿಯಸ್ ಬರೆದಿಟ್ಟಿದ್ದಾನೆ.

ಹೊರಗೆ ಗಟ್ಟಿಗ

ಹೊರಸುತ್ತಿನಲ್ಲಿರುವುದು ಡೋರಿಕ್ ಕಂಬಗಳು. ಅಗಲದ ಕಡೆ 6, ಉದ್ದಕ್ಕೆ 15. ಇವಕ್ಕೆ ಪೀಠವಿಲ್ಲ, ಜಗಲಿಯಿಂದ ನೇರ ಮೇಲೇಳುತ್ತವೆ. ಕಂಬದ ತಲೆಯ ಬೋದಿಗೆಯೂ ಸರಳ: ದುಂಡನೆಯ ಕಲ್ಲು, ಅದರ ಮೇಲೊಂದು ಚೌಕ ಹಲಗೆ. ಸುತ್ತ ಯಾವ ಮಗ್ಗುಲಿಂದ ನೋಡಿದರೂ ರೂಪ ಒಂದೇ.

ಒಳಗೆ ಸುರುಳಿ

ಒಳಕೋಣೆಗೆ ಆಯ್ದದ್ದು ಅಯೋನಿಕ್. ಸಾಮಾನ್ಯವಾಗಿ ಡೋರಿಕ್‌ಗಿಂತ ತೆಳು, ಕಾಲಡಿಗೆ ಪೀಠ, ತಲೆಯ ಎರಡೂ ಬದಿಗೆ ಸುರುಳಿ. ಸುರುಳಿ ಚೆನ್ನಾಗಿ ಕಾಣುವುದು ಎದುರಿನಿಂದ ಮಾತ್ರ. ಪಕ್ಕದಿಂದ ಸುತ್ತಿಟ್ಟ ಚಾಪೆಯ ಹಾಗೆ. ಬಾಸೇಯ ಕಂಬಗಳನ್ನು ಗಿಡ್ಡ ಅಡ್ಡಗೋಡೆಗಳು ಹಿಂದಿನ ಗೋಡೆಗೆ ಸೇರಿಸಿದ್ದವು. ಕಣ್ಣಿಗೆ ಬೀಳುತ್ತಿದ್ದುದು ಮೂರು ಮಗ್ಗುಲು. ಹಾಗಾಗಿ ಕಲ್ಲುಕುಟಿಗರು ಮೂರೂ ಕಡೆಗೆ ಸುರುಳಿ ಕೆತ್ತಿದರು.

ಕೋಣೆಯ ದಕ್ಷಿಣ ತುದಿಯ ನಡುವೆ ನಿಂತ ಒಂಟಿ ಕಂಬ ಸುತ್ತಲಿಂದಲೂ ಕಾಣುತ್ತಿತ್ತು, ಅದಕ್ಕೆ ಈ ಉಪಾಯವೂ ಸಾಲದು. ಅಲ್ಲಿ ಬಂದದ್ದು ಕೊರಿಂಥಿಯನ್: ಅಕಾಂಥಸ್ ಗಿಡದ ಎಲೆಗಳು ಬೋದಿಗೆಯನ್ನು ಸುತ್ತುವರಿದಿದ್ದವು. ಎದುರು, ಪಕ್ಕ ಎಂಬ ತಕರಾರೇ ಇಲ್ಲ. ನಮಗೆ ತಿಳಿದಿರುವ ಅತಿ ಹಳೆಯ ಕೊರಿಂಥಿಯನ್ ಬೋದಿಗೆ ಇದೇ. 1811–12ರಲ್ಲಿ ಉತ್ಖನನ ನಡೆಸಿದವರು ಇದರ ಚಿತ್ರ ಬರೆದುಕೊಂಡರು. ಮೂಲ ಆಮೇಲೆ ಒಡೆದುಹೋಯಿತು.

ಕೊರಿಂತ್‌ನ ಹುಡುಗಿಯೊಬ್ಬಳ ಸಮಾಧಿಯ ಮೇಲಿಟ್ಟ ಬುಟ್ಟಿಯ ಸುತ್ತ ಅಕಾಂಥಸ್ ಬೆಳೆದಿತ್ತು, ಅದನ್ನು ಕಂಡ ಶಿಲ್ಪಿ ಕ್ಯಾಲಿಮ್ಯಾಕಸ್‌ಗೆ ಈ ಬೋದಿಗೆ ಹೊಳೆಯಿತು ಎನ್ನುತ್ತಾನೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್. ಕಥೆ ಸೊಗಸಾಗಿದೆ. ಆದರೆ ಬಾಸೇಯನ್ನು ನೋಡಿದರೆ ಅನ್ನಿಸುವುದು ಬೇರೆ: ಯಾವ ಕಂಬ ಎಂಬುದನ್ನು ತೀರ್ಮಾನಿಸಿದ್ದು ಅದು ನಿಲ್ಲುವ ಜಾಗ.

ಅಥೆನ್ಸಿನ ಅಕ್ರೊಪೊಲಿಸ್‌ನ ಹೆಬ್ಬಾಗಿಲಿನಲ್ಲೂ ಇದೇ ಲೆಕ್ಕ. ಕ್ರಿ.ಪೂ. 437ರಲ್ಲಿ ಕೆಲಸ ಹಿಡಿದ ಮ್ನೆಸಿಕ್ಲಿಸ್ ಮುಂಭಾಗಕ್ಕೆ ಡೋರಿಕ್ ಕಂಬ ನಿಲ್ಲಿಸಿದ. ಒಳಗಿನ ದಾರಿಯ ಇಕ್ಕೆಲಕ್ಕೆ, ಹೆಚ್ಚು ಜಾಗ ತಿನ್ನದೆ ಎತ್ತರಕ್ಕೇರುವ ಅಯೋನಿಕ್ ತಂದ.

ಒಳಗಿನಿಂದ ಹೊರಗೆ

ಒಳಕೋಣೆಯ ಕೊರಿಂಥಿಯನ್ ಹೊರಗೂ ಬಂತು. ಕ್ರಿ.ಪೂ. 335–334ರ ಹೊತ್ತಿಗೆ ಅದು ಅಥೆನ್ಸಿನ ಲೈಸಿಕ್ರಟಿಸ್ ಸ್ಮಾರಕದ ಹೊರಮೈಯಲ್ಲಿತ್ತು. ರೋಮನ್ನರಿಗಂತೂ ಅದೇ ಅಚ್ಚುಮೆಚ್ಚಾಯಿತು. ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 2ನೇ ಶತಮಾನದಲ್ಲಿ ಪೂರ್ತಿಗೊಳಿಸಿದ ಅಥೆನ್ಸಿನ ಒಲಿಂಪಿಯನ್ ಜ್ಯೂಸ್ ಗುಡಿಯಲ್ಲಿ ಇಂಥ 104 ಕಂಬಗಳಿದ್ದವು, ಒಂದೊಂದೂ ಸುಮಾರು 17 ಮೀಟರ್ ಎತ್ತರ. ಬಾಸೇಯಲ್ಲಿ ಒಂಟಿಯಾಗಿ ನಿಂತಿದ್ದ ಕಂಬ ಇಲ್ಲಿ ಇಡೀ ಗುಡಿಯನ್ನೇ ಹೊತ್ತಿತು.