ಹರಡಿದ ಸ್ತನ ಕ್ಯಾನ್ಸರ್: ಪ್ರಯೋಗದಲ್ಲಿ ಕಂಡ ಲಾಭ ಆಸ್ಪತ್ರೆಯಲ್ಲೂ ಸಿಗುತ್ತದೆಯೇ?

ಪಾಲ್ಬೊಸಿಕ್ಲಿಬ್ ಎಂಬುದು ಒಂದು ಉದ್ದೇಶಿತ ಔಷಧ. ಹಾರ್ಮೋನಿಗೆ ಸ್ಪಂದಿಸುವ, ಹರ್-2 ಪ್ರೋಟೀನ್ ಹೆಚ್ಚಿಲ್ಲದ ಸ್ತನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದಾಗ ಇದನ್ನು ಹಾರ್ಮೋನ್ ಚಿಕಿತ್ಸೆಯ ಜೊತೆ ಕೊಡುತ್ತಾರೆ. ಸಿಡಿಕೆ 4 ಮತ್ತು 6 ಎಂಬ ಕಿಣ್ವಗಳನ್ನು ತಡೆದು, ಕ್ಯಾನ್ಸರ್ ಕೋಶಗಳ ವಿಭಜನೆಗೆ ಇದು ಕಡಿವಾಣ ಹಾಕುತ್ತದೆ.

666 ಮಹಿಳೆಯರ ಮೇಲೆ ನಡೆದ ಪಲೋಮಾ-2 ಪ್ರಯೋಗದಲ್ಲಿ ಲೆಟ್ರೊಜೋಲ್ ಮಾತ್ರ ಪಡೆದ ಅರ್ಧದಷ್ಟು ಮಂದಿಯಲ್ಲಿ ರೋಗ 14.5 ತಿಂಗಳೊಳಗೆ ಮುಂದುವರಿಯಿತು. ಪಾಲ್ಬೊಸಿಕ್ಲಿಬ್ ಸೇರಿಸಿದಾಗ ಈ ಅವಧಿ 24.8 ತಿಂಗಳಿಗೆ ಏರಿತು. ಆದರೆ ಬದುಕುಳಿದ ಅವಧಿ 53.9 ಮತ್ತು 51.2 ತಿಂಗಳು. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು.

ಅಮೆರಿಕದ ಸುಮಾರು 2,900 ರೋಗಿಗಳ ಚಿಕಿತ್ಸಾ ದಾಖಲೆಗಳನ್ನು ನೋಡಿದಾಗ ಚಿತ್ರ ಬೇರೆಯಾಗಿತ್ತು: ಔಷಧ ಪಡೆದವರು 49.1 ತಿಂಗಳು, ಪಡೆಯದವರು 43.2 ತಿಂಗಳು ಬದುಕಿದ್ದರು.

ಹಾಗಾದರೆ ಯಾವುದನ್ನು ನಂಬಬೇಕು? ಪ್ರಯೋಗದಲ್ಲಿ ಯಾರಿಗೆ ಯಾವ ಔಷಧ ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಆರಿಸುತ್ತಾರೆ; ಗಟ್ಟಿಮುಟ್ಟಾದವರಿಗೆ ಹೊಸ ಔಷಧ ಹೆಚ್ಚಾಗಿ ಸಿಕ್ಕಿರಬಹುದು. ವಯಸ್ಸು, ರೋಗ ಹರಡಿದ ಜಾಗ ಮುಂತಾದವನ್ನು ಸಂಶೋಧಕರು ಲೆಕ್ಕದಲ್ಲಿ ಸರಿದೂಗಿಸುತ್ತಾರಾದರೂ, ದಾಖಲಾಗದ ಅಂಶಗಳು ಉಳಿದೇ ಉಳಿಯುತ್ತವೆ. ಇನ್ನೊಂದೆಡೆ, ತೀರಾ ದುರ್ಬಲರನ್ನು ಪ್ರಯೋಗಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅಂಥವರ ಸ್ಥಿತಿ ತಿಳಿಯುವುದು ಆಸ್ಪತ್ರೆಯ ದಾಖಲೆಗಳಿಂದಲೇ.

ಆದ್ದರಿಂದ "ಈ ಔಷಧ ರೋಗವನ್ನು ತಡೆಹಿಡಿಯುತ್ತದೆಯೇ, ಆಯುಷ್ಯ ಹೆಚ್ಚಿಸುತ್ತದೆಯೇ?" ಎಂದು ವೈದ್ಯರನ್ನು ಕೇಳಿ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು.